ದಾರಿಯ ಅಳತೆ, ಸೊಂಟದ ಅಳತೆ

ಜನವರಿ 9

ಪ್ರೀತಿಯ ಮೆಣಸಿ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಐದನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಆದ್ದರಿಂದ ಈ ವಿಷಯ ಕಾಗದದಲ್ಲೇ ಇರಲಿ. ಹೋದ ತಿಂಗಳು ನಾನು ನಿನ್ನೂರಿಗೆ ಬಂದಾಗ ಡಾಕ್ಟರು ನಮ್ಮಿಬ್ಬರ ರಕ್ತದ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹೇಳಿದ್ದು ನೆನಪಿದೆಯಲ್ಲ? "ಸಕ್ಕರೆ ಕಾಯಿಲೆ ಹೊಸ್ತಿಲ ಆಚೆ ನಿಂತಿದೆ. ಒಳಗೆ ಬಾ ಅನ್ನಬೇಕೋ ಬೇಡವೋ ನೀವೇ ನೋಡಿಕೊಳ್ಳಿ." ಅಮ್ಮ ಇದೇ ಕಾಯಿಲೆಯಿಂದ ಐವತ್ತೊಂದಕ್ಕೆ ಹೋದಳು. ನನಗೆ ನಲವತ್ತಾರು, ನಿನಗೆ ನಲವತ್ತೊಂದು. ನೀನು ದಿನವಿಡೀ ನಿನ್ನ ಅಂಗಡಿಯ ಹೊಲಿಗೆ ಯಂತ್ರದ ಮುಂದೆ, ನಾನು ದಿನವಿಡೀ ಬಸ್ ಡಿಪೋದ ವೇಳಾಪಟ್ಟಿ ವಿಭಾಗದ ಕುರ್ಚಿಯಲ್ಲಿ. ಊರಿನ ಬಸ್ಸುಗಳನ್ನೆಲ್ಲ ಓಡಿಸುವವಳು ತಾನು ಮಾತ್ರ ಕದಲುವುದಿಲ್ಲ.

ಹೇಳಿದ ಮಾತಿನಂತೆ ನಾನು ಸೈಕಲ್ ಕೊಂಡಿದ್ದೇನೆ. ನೀನೂ ಕೊಂಡುಕೋ. ಪ್ರತಿ ಕಾಗದದ ಕೊನೆಯಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆಯೋಣ. ಯಾರದು ಕಡಿಮೆಯೋ ಅವರು ಇನ್ನೊಬ್ಬರಿಂದ ಬೈಸಿಕೊಳ್ಳಬೇಕು. ಇದು ನಿಯಮ.

ಇಂದು ಮೊದಲ ದಿನ. ಡಿಪೋ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಬಂದೆ. ಏರು ಅಂಥಾದ್ದೇನಿಲ್ಲ.

ಒಟ್ಟು: 6.

ನಿನ್ನ ಅಕ್ಕ

*

ಜನವರಿ 9, ಸಂಜೆ (ಅಂಚೆಗೆ ಹಾಕದ್ದು)

ಮೆಣಸಿ, ಮಧ್ಯಾಹ್ನದ ಕಾಗದ ಆಗಲೇ ಡಬ್ಬಿಗೆ ಬಿದ್ದಿದೆ. ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ.

ನಾನು ಟ್ಯಾಂಕಿನವರೆಗೆ ಹೋಗಲಿಲ್ಲ. ಡಿಪೋ ಗೇಟು ದಾಟುವ ಮೊದಲೇ, ಬಸ್ ಸ್ಟಾಪಿನ ಕಂಬದ ಬುಡದಲ್ಲಿ, ಬಿದ್ದೆ. ಚಹಾ ಕುಡಿಯುತ್ತಿದ್ದ ಇಬ್ಬರು ಡ್ರೈವರುಗಳು ಓಡಿಬಂದು ಎತ್ತಿದರು.

"ಮೇಡಂ, ಊರಿಗೆಲ್ಲ ಟೈಮ್ ಕೊಡೋರು ನೀವು. ನಿಮಗೇ ಬ್ರೇಕ್ ಸಿಗಲಿಲ್ವಾ?" ಎಂದ ಒಬ್ಬ.

"ಸುಮ್ನಿರೋ, ಸರಿಯಾಗಿ ಸ್ಟಾಪಿನಲ್ಲೇ ನಿಲ್ಲಿಸಿದಾರೆ. ನಿನ್ನ ಕೈಲಿ ಅದೂ ಆಗಲ್ಲ," ಎಂದ ಇನ್ನೊಬ್ಬ.

ಅವರು ನಕ್ಕದ್ದು ಕೆಟ್ಟ ನಗು ಅಲ್ಲ. ಆದರೂ ಸೈಕಲ್ ತಳ್ಳಿಕೊಂಡು ಮನೆಗೆ ಬಂದು ಮೆಟ್ಟಿಲ ಕೆಳಗೆ ನಿಲ್ಲಿಸಿ, ಹಳೆಯ ಪರದೆ ಹೊದಿಸಿದೆ. ಆಮೇಲೆ ಕೂತು ನಿನಗೆ ಆರು ಎಂದು ಬರೆದೆ. ಕಣ್ಣು ಮುಚ್ಚಿ ಬರೆಯಬಲ್ಲೆ: ಗೇಟಿನಿಂದ ಟ್ಯಾಂಕಿಗೆ ಮೂರು ಕಿಲೋಮೀಟರ್, ಬಸ್ಸಿಗೆ ಹನ್ನೊಂದು ನಿಮಿಷ, ಅದರಲ್ಲಿ ಏರು ನಾಲ್ಕು ನಿಮಿಷ. ನಮ್ಮ ವೇಳಾಪಟ್ಟಿಯ ಪುಸ್ತಕದಲ್ಲಿ ಹಾಗೇ ಇದೆ.

ನಾಳೆ ನಿಜವಾಗಿ ಹೋದರೆ ಲೆಕ್ಕ ಸರಿಹೋಗುತ್ತದೆ.

*

ಜನವರಿ 27

ಅಕ್ಕಾ,

ಆರಾ! ಮೊದಲನೇ ದಿನಾನೇ! ನಾನು ನಿನ್ನ ಕಾಗದ ಓದಿ ಸೈಕಲ್ ತಂದು, ಅಂಗಡಿಯಿಂದ ಶಾಲೆವರೆಗೆ ಹೋಗಿ ಬರೋಷ್ಟರಲ್ಲಿ ನಾಲಿಗೆ ಹೊರಗೆ ಬಂತು. ಮೂರು ಕಿಲೋಮೀಟರು. ಮಾರನೇ ದಿನ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೊಂಡೆ. ನಮ್ಮ ಅಂಗಡೀಲಿ ಗುಂಡಿ ಹೊಲಿಯೋಳು ಇದಾಳಲ್ಲ, ಅವಳು ಕೇಳ್ತಾಳೆ, "ಏನಕ್ಕಾ, ಸೈಕಲ್ ನೀವು ಓಡಿಸಿದ್ರಾ, ಇಲ್ಲಾ ಅದೇ ನಿಮ್ಮನ್ನ ಓಡಿಸ್ತಾ?" ಅಂತ.

ಬಿಟ್ಟುಬಿಡೋಣ ಅನ್ನಿಸಿತ್ತು. ಸುಳ್ಳೇಕೆ ಹೇಳಲಿ, ಬಿಟ್ಟೇಬಿಟ್ಟಿದ್ದೆ ನಾಲ್ಕು ದಿನ. ಆಮೇಲೆ ನೀನು ಆ ವಯಸ್ಸಲ್ಲಿ, ಆ ಮಂಡಿನೋವು ಇಟ್ಕೊಂಡು ಆರು ತುಳೀತೀಯ ಅಂತ ನೆನಪಾಯ್ತು. ನಾಚಿಕೆ ಆಯ್ತು. ಮತ್ತೆ ಹೋದೆ. ಈಗ ಐದು.

ಅಕ್ಕ ಅನ್ನಿಸಿಕೊಂಡೋಳು ಹುಟ್ಟಿದಾಗಿನಿಂದ ಮುಂದೆ. ಇರು, ಹಿಡೀತೀನಿ.

ಒಟ್ಟು: 5. ನಂದೇ ಕಡಿಮೆ, ಬೈದುಬಿಡು.

ಮೆಣಸಿ

*

ಫೆಬ್ರವರಿ 15

ಪ್ರೀತಿಯ ಮೆಣಸಿ,

ಐದು ಏನೂ ಕಡಿಮೆಯಲ್ಲ, ಆದರೂ ನಿಯಮದಂತೆ ಬೈಯುತ್ತೇನೆ: ಸೋಮಾರಿ, ಎದ್ದು ತುಳಿ.

ನಾನು ಈಗ ಟ್ಯಾಂಕಿನಿಂದ ಮುಂದೆ ಹಳೆಯ ಸೇತುವೆಯವರೆಗೆ ಹೋಗುತ್ತೇನೆ. ಬೆಳಗಿನ ಹೊತ್ತು ಬೇಕರಿಯ ಮುಂದೆ ಕಂದು ನಾಯಿಯೊಂದು ಮಲಗಿರುತ್ತದೆ. ನಾನು ಬರುವುದು ಅದಕ್ಕೆ ಅಭ್ಯಾಸವಾಗಿ ಈಗ ಬೊಗಳುವುದಿಲ್ಲ. ಏರಿನಲ್ಲಿ ಒಂದೇ ಸಮನೆ ತುಳಿಯಬೇಕು, ಅವಸರ ಮಾಡಬಾರದು. ಅಷ್ಟೇ ಗುಟ್ಟು.

ಒಟ್ಟು: 14.

ನಿನ್ನ ಅಕ್ಕ

*

ಮಾರ್ಚ್ 20

ಅಕ್ಕಾ,

ನಿನ್ನ ಗುಟ್ಟು ಫಲ ಕೊಡ್ತು. ಒಂದೇ ಸಮನೆ, ಅವಸರ ಇಲ್ಲದೆ. ಹನ್ನೆರಡು ದಾಟಿದೀನಿ!

ಏನಾಗಿದೆ ಗೊತ್ತಾ ನನಗೆ? ಚಟ ಹತ್ತಿದೆ. ಒಂದು ದಿನ ತಪ್ಪಿದ್ರೆ ಕೂತಲ್ಲೇ ಕಾಲು ತುಳೀತಿರುತ್ತೆ. ಯಂತ್ರದ ಪೆಡಲ್ ತುಳೀತಾ ತುಳೀತಾ ಹೊಲಿಗೆಯ ತಿರುವಿನಲ್ಲಿ ನಾನೂ ವಾಲಿಬಿಡ್ತೀನಿ! ಹಾಸಿಗೆಗೆ ತಲೆ ಇಟ್ರೆ ನಿದ್ದೆ. ರಕ್ತ ಮತ್ತೆ ನೋಡಿಸಿದೆ. "ಹೊಸ್ತಿಲಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿದೆ, ಏನು ಮಾಡಿದ್ರಿ?" ಅಂದ್ರು ಡಾಕ್ಟರು. "ನಮ್ಮಕ್ಕ ಮಾಡಿದ್ದು" ಅಂದೆ. ಸೊಂಟ ಒಂದೂವರೆ ಇಂಚು ಇಳಿದಿದೆ. ನನ್ನ ಟೇಪಿನಲ್ಲಿ ನಾನೇ ಅಳೆದದ್ದು.

ಈಗ ಕೇಳು. ಆಗಸ್ಟ್ ತಿಂಗಳ ಮೊದಲ ಭಾನುವಾರ ನಾನು ಅಲ್ಲಿಗೆ ಬರ್ತೀನಿ. ಇಬ್ಬರೂ ಸೇರಿ ಟ್ಯಾಂಕು, ಸೇತುವೆ, ಇಡೀ ಸುತ್ತು ಹೊಡೆಯೋಣ. ಅದಕ್ಕೆ ನಿನಗೊಂದು ಪ್ಯಾಂಟು ಹೊಲಿದು ಕಳಿಸ್ತೀನಿ, ಸೈಕಲ್ಲಿಗೆ ಅಂತಲೇ. ಸೊಂಟದ ಅಳತೆ ಕಳಿಸು. ಹಳೇದು ಬೇಡ, ಇಷ್ಟು ತುಳಿದ ಮೇಲೆ ಇಳಿದಿರುತ್ತೆ. ಟೇಪು ಬಿಗಿ ಹಿಡೀಬೇಡ, ಉಸಿರು ಒಳಗೆ ಎಳ್ಕೋಬೇಡ. ಅಳತೆಯಲ್ಲಿ ಸುಳ್ಳು ಹೇಳಿದ್ರೆ ಬಟ್ಟೆ ಹೇಳಿಬಿಡುತ್ತೆ ನೋಡು.

ಒಟ್ಟು: 12.

ಮೆಣಸಿ

*

ಮಾರ್ಚ್ 29

ಪ್ರೀತಿಯ ಮೆಣಸಿ,

ನಿನ್ನ ವರದಿಯ ಸುದ್ದಿ ಓದಿ ಎಷ್ಟು ನಿರಾಳವಾಯಿತೆಂದು ಬರೆಯಲಾರೆ. ನಾನೇನೂ ಮಾಡಿಲ್ಲ, ಮಾಡಿದ್ದೆಲ್ಲ ನೀನೇ. ಆಗಸ್ಟಿನ ಮಾತು ಸರಿ, ಬಾ.

ಸೊಂಟ: ಮೂವತ್ತನಾಲ್ಕು.

ಒಟ್ಟು: 22.

ನಿನ್ನ ಅಕ್ಕ

*

ಏಪ್ರಿಲ್ 18 (ಅಂಚೆಗೆ ಹಾಕದ್ದು)

ಪ್ಯಾಂಟು ಬಂತು. ಬೂದು ಬಣ್ಣ, ಮಂಡಿಯ ಹತ್ತಿರ ಎರಡು ಪದರ, ಬಲಗಡೆ ಕರವಸ್ತ್ರಕ್ಕೆಂದು ಪುಟ್ಟ ಜೇಬು. ನನಗೆ ಬೆವರು ಹೆಚ್ಚು ಎಂಬುದು ನಿನಗೆ ನೆನಪಿತ್ತು.

ಗುಂಡಿ ಹಾಕಲು ಹೋದೆ. ಮೂರು ಇಂಚು ದೂರದಲ್ಲಿ ನಿಂತುಬಿಟ್ಟಿತು. ಉಸಿರು ಒಳಗೆಳೆದೆ, ಹಾಸಿಗೆಯ ಮೇಲೆ ಅಂಗಾತ ಮಲಗಿ ಎಳೆದೆ, ಆಗಲಿಲ್ಲ. ಟೇಪು ಹಿಡಿದು ನೋಡಿದರೆ ಮೂವತ್ತೇಳು. ಮೂರು ತಿಂಗಳಲ್ಲಿ ನಾನು ಒಂದು ದಿನವೂ ಸೈಕಲ್ಲನ್ನು ಮುಟ್ಟಿರಲಿಲ್ಲ. ಬೇಕರಿಯ ಮುಂದೆ ನಾಯಿ ಇದೆ, ನಿಜ. ಕಚೇರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ.

ಅರ್ಧ ಗಂಟೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಆಮೇಲೆ ಪರದೆ ತೆಗೆದು ಸೈಕಲ್ಲನ್ನು ಬೀದಿ ಕೊನೆಯ ಅಂಗಡಿಗೆ ತಳ್ಳಿಕೊಂಡು ಹೋದೆ. ಎರಡೂ ಚಕ್ರ ನೆಲಕ್ಕೆ ಅಂಟಿದ್ದವು. ಮುದುಕಪ್ಪ ರಿಪೇರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಳಿ ಚಕ್ರದ್ದು ಮಾತ್ರ ಹೋಗಿದೆಯಾ, ಇಲ್ಲಾ ಓಡಿಸೋರದ್ದೂನಾ?" ಎಂದ. ಸೀಟು ಎರಡು ಬೆರಳು ಎತ್ತರಿಸಿದ. "ತಗ್ಗಿಸಿ ತುಳಿದ್ರೆ ಮಂಡಿ ಹೋಗುತ್ತಮ್ಮ. ಮೂರು ದಿನ ನನ್ನ ಬೈಕೋತೀರಿ. ಆಮೇಲೆ ಬಿಡಿ ಅಂದ್ರೂ ಬಿಡಲ್ಲ."

ಅಲ್ಲಿಂದಲೇ ಟ್ಯಾಂಕಿನ ಕಡೆಗೆ ಹೊರಟೆ. ಏರು ಅಂಥಾದ್ದೇನಿಲ್ಲ ಎಂದು ಬರೆದಿದ್ದೆನಲ್ಲ? ಮೂರನೇ ದೀಪದ ಕಂಬಕ್ಕೆ ಎದೆ ಬಡಿತ ಕಿವಿಯಲ್ಲಿ ಕೇಳಿಸಿತು. ಕಂಬ ತಬ್ಬಿಕೊಂಡು ನಿಂತೆ. ನಮ್ಮ ಪುಸ್ತಕದಲ್ಲಿ ಆ ಏರಿಗೆ ನಾಲ್ಕು ನಿಮಿಷ ಎಂದು ಬರೆದವಳು ನಾನೇ. ಅದು ಬಸ್ಸಿಗೆ.

*

ಮೇ 10

ಅಕ್ಕಾ,

ಪ್ಯಾಂಟು ಸೇರಿತಾ ಇಲ್ವಾ ಒಂದು ಮಾತಿಲ್ಲ. ಹೇಗೆ ಕೂತಿದೆ? ಜೇಬು ನೋಡಿದೆಯಾ?

ನಂದು ಇಪ್ಪತ್ತು. ಆಗಸ್ಟ್ ಹೊತ್ತಿಗೆ ನಿನ್ನ ಪಕ್ಕಕ್ಕೆ ಬರ್ತೀನಿ, ಹಿಂದೆ ಅಲ್ಲ.

ಮೆಣಸಿ

*

ಮೇ 16

ಪ್ರೀತಿಯ ಮೆಣಸಿ,

ಕ್ಷಮಿಸು, ಡಿಪೋದಲ್ಲಿ ಹೊಸ ವೇಳಾಪಟ್ಟಿಯ ಗಡಿಬಿಡಿ. ಪ್ಯಾಂಟು ಹೇಳಿ ಮಾಡಿಸಿದ ಹಾಗಿದೆ. ಜೇಬನ್ನು ಮೊದಲು ನೋಡಿದೆ.

ಒಟ್ಟು: 30.

ನಿನ್ನ ಅಕ್ಕ

*

ಜೂನ್ 8 (ಅಂಚೆಗೆ ಹಾಕದ್ದು)

ಮೆಣಸಿ, ಇವತ್ತು ಇಳಿಯದೆ ಏರು ಹತ್ತಿದೆ. ಏಳೂ ದೀಪದ ಕಂಬ ದಾಟಿ. ಮೇಲೆ ಹೋಗಿ ಟ್ಯಾಂಕಿನ ಗೋಡೆಗೆ ಒರಗಿ ನಿಂತು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಇಳಿಯುವಾಗ ಗಾಳಿ ತೋಳಿನೊಳಗೆ ಹೊಕ್ಕು ಅಂಗಿ ಉಬ್ಬಿತು. ನಿನ್ನನ್ನು ಕರೆದು ಹೇಳಬೇಕೆನಿಸಿತು. ಏನೆಂದು ಹೇಳಲಿ? ಫೆಬ್ರವರಿಯಲ್ಲೇ ಇದನ್ನು ದಾಟಿ ಸೇತುವೆಗೆ ಹೋಗಿಬಿಟ್ಟಿದ್ದೇನಲ್ಲ.

ನಿಜವಾಗಿ ತುಳಿಯುವುದು ದಿನಕ್ಕೆ ಎಂಟು, ಒಂಬತ್ತು. ಮುದುಕಪ್ಪ ಹೇಳಿದ ಹಾಗೇ ಆಗಿದೆ. ಬೆಳಗ್ಗೆ ಐದೂವರೆಗೆ ಗಡಿಯಾರಕ್ಕಿಂತ ಮೊದಲು ಕಾಲು ಏಳುತ್ತದೆ. ಕಚೇರಿಯ ನಲವತ್ತೆರಡು ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತೇನೆ. ಡ್ರೈವರುಗಳು, "ಮೇಡಂ ಈಗ ಎಕ್ಸ್‌ಪ್ರೆಸ್ ಸರ್ವೀಸ್, ನಡುವೆ ಸ್ಟಾಪಿಲ್ಲ," ಎನ್ನುತ್ತಾರೆ. ಗುಂಡಿಗೂ ಕಾಜಕ್ಕೂ ಇನ್ನು ಎರಡೇ ಇಂಚು.

ಎಂಟು ಎಂದು ಬರೆದರೆ ಏನಾಗುತ್ತದೆ? ಮೂವತ್ತು ಎಲ್ಲಿ ಹೋಯಿತು ಎಂದು ಕೇಳುತ್ತೀಯ. ಹೇಳೋಣವೆಂದರೆ ನನ್ನ ಸುಳ್ಳಿನ ಮುಂದೆ ನನ್ನ ನಿಜ ತೀರಾ ಚಿಕ್ಕದು. ನಿನಗೆ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆ ಮೊದಲ ದಿನ ಆರು ಎಂದು ಬರೆಯುವಾಗ ನಿನ್ನ ಒಳ್ಳೆಯದು ನನ್ನ ತಲೆಯಲ್ಲಿ ಇತ್ತೇ? ಇರಲಿಲ್ಲ. ಅಕ್ಕ ಬಿದ್ದಳು ಎಂಬುದು ನಿನಗೆ ಗೊತ್ತಾಗಬಾರದಿತ್ತು, ಅಷ್ಟೇ.

*

ಜೂನ್ 24

ಅಕ್ಕಾವ್ರೇ, ನಮಸ್ಕಾರ. ನಾನು ಅಂಗಡೀಲಿ ಗುಂಡಿ ಹೊಲಿಯೋಳು. ಅವರು ಹೇಳ್ತಾರೆ, ನಾನು ಬರೀತಿದೀನಿ. ಅಕ್ಷರ ತಪ್ಪಿದ್ರೆ ನಂದು.

ಅಕ್ಕಾ, ಗಾಬರಿ ಆಗ್ಬೇಡ. ಬಿದ್ದೆ. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರು. ನಂದೇ ತಪ್ಪು. ಎರಡು ದಿನ ಜ್ವರ ಇತ್ತು, ಮೂರನೇ ದಿನ ಸುಮ್ನೆ ಇರ್ಬೇಕಿತ್ತು. ಆದ್ರೆ ತಲೆ ತುಂಬ ನಿನ್ನ ಮೂವತ್ತು. ಅವಳು ನನಗಿಂತ ಐದು ವರ್ಷ ದೊಡ್ಡೋಳು, ಅವಳ ಕೈಲಿ ಆಗುತ್ತೆ, ನನ್ನ ಕೈಲಿ ಆಗಲ್ವಾ ಅಂತ. ಸೈಕಲ್ ಮೀಟರಿನಲ್ಲಿ ಇಪ್ಪತ್ತೆಂಟು ನೋಡಿದ್ದು ನೆನಪಿದೆ. ಆಮೇಲೆ ಕಣ್ಣು ಕತ್ತಲೆ ಬಂತು. ಇನ್ನೆರಡೇ ಇತ್ತು ಕಣೇ.

ನಿನ್ನಷ್ಟು ಅಭ್ಯಾಸ ಇಲ್ಲದೆ ಹಾರೋಕೆ ಹೋದೆ. ಬೈಬೇಡ.

ಅಕ್ಕಾವ್ರೇ, ಇನ್ನು ಮುಂದೆ ಬರೀತಿರೋದು ನಾನೇ. ಅವರು ಒಳಗೆ ಹೋಗಿದಾರೆ. ಕೈ ಮೊದಲಿನ ಹಾಗೆ ಕತ್ತರಿ ಹಿಡಿಯುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ ಅಂತ ಡಾಕ್ಟರು ನನ್ನ ಹತ್ರ ಅಂದ್ರು. ಅವರಿಗೆ ಹೇಳಿಲ್ಲ. ನಿಮಗಾದ್ರೂ ಗೊತ್ತಿರಲಿ ಅಂತ.

*

ಜುಲೈ 1

ಪ್ರೀತಿಯ ಮೆಣಸಿ,

ಸುದ್ದಿ ಓದಿದ ಕೂಡಲೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ವಿಶ್ರಾಂತಿ ತೆಗೆದುಕೋ. ಕೈಯನ್ನು ಎತ್ತರದಲ್ಲಿಟ್ಟುಕೋ. ನಾನು ಬರಲೇ? ರಜೆ ಸಿಗುತ್ತದೆ. ನೀನು ತಪ್ಪು ಮಾಡಿಲ್ಲ. ಈ ಮಾತನ್ನು ಮತ್ತೆ ಬರೆಸಬೇಡ.

ನಿನ್ನ ಅಕ್ಕ

*

ಜುಲೈ 9

ಅಕ್ಕಾವ್ರೇ, ಗುಂಡಿಯೋಳ ಕೈಬರಹವೇ. ಹೇಳೋದು ಅವರು.

ಅಕ್ಕಾ, ಬರ್ಬೇಡ. ನೀನು ಇಲ್ಲಿಗೆ ಬಂದು ಕೂತ್ರೆ ನಿನ್ನ ಸೈಕಲ್ ತಪ್ಪುತ್ತೆ. ಒಂದು ದಿನ ತಪ್ಪಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಲ್ಲ. ಮನೇಲಿ ಒಬ್ಬಳಾದ್ರೂ ಓಡಿಸ್ತಿರ್ಬೇಕು. ಕೊನೇ ಕಾಗದದಲ್ಲಿ ಒಟ್ಟು ಬರೆದಿಲ್ಲ ನೀನು, ಯಾಕೆ? ನನಗೆ ಬೇಜಾರಾಗುತ್ತೆ ಅಂತಲಾ? ಹುಚ್ಚಿ. ಬಟ್ಟೆ ಕತ್ತರಿಸೋ ಮೇಜಿನ ಎದುರು ಗೋಡೆ ಮೇಲೆ ನಿನ್ನ ಅಂಕಿ ಎಲ್ಲ ಬಟ್ಟೆಗೆ ಗುರುತು ಹಾಕೋ ಚಾಕ್‌ಪೀಸಿನಲ್ಲಿ ಬರೆಸಿದೀನಿ. ಆರು, ಹದಿನಾಲ್ಕು, ಇಪ್ಪತ್ತೆರಡು, ಮೂವತ್ತು. ಅದನ್ನು ನೋಡ್ತಾ ಬೆರಳು ಮಡಚೋದು ಅಭ್ಯಾಸ ಮಾಡ್ತೀನಿ. ನೋವಾದಾಗ ಅಂದ್ಕೋತೀನಿ, ಅಕ್ಕ ಈಗ ಏರಿನಲ್ಲಿದಾಳೆ, ಇಳಿದಿಲ್ಲ ಅಂತ.

*

ಜುಲೈ 15

ಮೆಣಸಿ,

ಗೋಡೆಯ ಮೇಲಿರುವುದನ್ನು ಅಳಿಸಿಬಿಡು. ಅದರಲ್ಲಿ ಒಂದು ಅಂಕಿಯೂ ನಿಜವಲ್ಲ.

ಮೊದಲ ದಿನ ನಾನು ಡಿಪೋ ಗೇಟಿನ ಹತ್ತಿರ ಬಿದ್ದೆ. ಆಮೇಲೆ ಏಪ್ರಿಲ್ ಹದಿನೆಂಟರವರೆಗೆ ಸೈಕಲ್ ಹತ್ತಲಿಲ್ಲ. ಬರೆದ ದೂರವೆಲ್ಲ ಕಚೇರಿಯ ಪುಸ್ತಕದಿಂದ ತೆಗೆದದ್ದು. ಒಂದೇ ಸಮನೆ ತುಳಿಯಬೇಕು ಎಂಬ ಗುಟ್ಟನ್ನು ಬಸ್ಸಿನ ಸೀಟಿನಲ್ಲಿ ಕೂತು ಕಟ್ಟಿದೆ. ಸೊಂಟವೂ ಸುಳ್ಳು, ಆಗ ಮೂವತ್ತೇಳಿತ್ತು. ನಿನ್ನ ಪ್ಯಾಂಟು ನನ್ನ ಸೊಂಟಕ್ಕೆ ಒಂದು ದಿನವೂ ಆಗಿಲ್ಲ. ಅದನ್ನು ನೋಡಿಯೇ ನಾಚಿ ತುಳಿಯಲು ಶುರುಮಾಡಿದೆ. ನಿಜವಾದ ಲೆಕ್ಕ ದಿನಕ್ಕೆ ಎಂಟು, ಒಂಬತ್ತು. ಮೂವತ್ತು ಎಂಬುದನ್ನು ನಾನು ನನ್ನ ಜನ್ಮದಲ್ಲಿ ತುಳಿದಿಲ್ಲ. ಇಲ್ಲದ ಎರಡು ಕಿಲೋಮೀಟರಿಗಾಗಿ ನೀನು ಕೈ ಮುರಿದುಕೊಂಡೆ.

ಇನ್ನೊಂದು ಇದೆ. ಅದನ್ನೂ ಹೇಳದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ. ನೀನು ಬಿದ್ದ ಸುದ್ದಿ ಬಂದ ಮರುದಿನ ಬೆಳಗ್ಗೆಯೂ ನಾನು ಸೈಕಲ್ ಹತ್ತಿದೆ. ಹತ್ತಬಾರದು ಎಂದುಕೊಂಡೇ ಹತ್ತಿದೆ. ಏರಿನಲ್ಲಿ ಅಳುತ್ತಿದ್ದೆ, ಇಳಿಜಾರಿನಲ್ಲಿ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಮತ್ತೆ ಅತ್ತೆ. ಅದಾದ ಮೇಲೂ ಬಿಟ್ಟಿಲ್ಲ. ನನ್ನ ಮೈ ಹಗುರಾಗಿರುವುದು ನಿನ್ನ ಕೈಯ ಬೆಲೆಗೆ. ಇದನ್ನು ಹೇಗೆ ಹೊರಬೇಕೋ ತಿಳಿಯುತ್ತಿಲ್ಲ.

ಪ್ಯಾಂಟನ್ನು ಇದರ ಜೊತೆ ಹಿಂದಕ್ಕೆ ಕಳಿಸಿದ್ದೇನೆ. ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ.

ಸೊಂಟ, ಟೇಪು ಬಿಗಿಹಿಡಿಯದೆ: ಮೂವತ್ತೈದೂವರೆ.

ನಿನ್ನೆಯ ಒಟ್ಟು: 8.

ಅಕ್ಕ

*

ಆಗಸ್ಟ್ 2

ಮೆಣಸಿ,

ಇಂದು ಮೊದಲ ಭಾನುವಾರ. ನಾವಿಬ್ಬರೂ ಹೊರಡಬೇಕಿದ್ದ ದಿನ. ಒಬ್ಬಳೇ ಹೋದೆ. ಹಳೆಯ ಸೇತುವೆಯನ್ನು ಮೊದಲ ಸಲ ಸೈಕಲ್ಲಿನಲ್ಲಿ ನೋಡಿದೆ. ಬೇಕರಿಯ ನಾಯಿ ಬೊಗಳುತ್ತದೆ, ಬೆನ್ನಟ್ಟುತ್ತದೆ ಕೂಡ.

ಒಟ್ಟು: 14. ಹಿಂದಿರುಗುವಾಗ ಎರಡು ಸಲ ಇಳಿದೆ.

ಅಕ್ಕ

*

ಆಗಸ್ಟ್ 16

ಮೆಣಸಿ,

ನಿನ್ನಿಂದ ಕಾಗದವಿಲ್ಲ. ಇರಬೇಕಾಗಿಯೂ ಇಲ್ಲ. ಪ್ಲಾಸ್ಟರು ತೆಗೆದಿರಬೇಕು. ಬೆರಳು ಹೇಗಿದೆ ಎಂದು ಗುಂಡಿಯವಳ ಕೈಲಿ ಒಂದು ಸಾಲು ಬರೆಸು. ಬೇರೇನೂ ಕೇಳುವುದಿಲ್ಲ.

ಒಟ್ಟು: 9.

ಅಕ್ಕ

*

ಆಗಸ್ಟ್ 30

ಅಕ್ಕಾ,

ಇದು ನನ್ನ ಕೈಬರಹವೇ. ಕೋಳಿ ಕೆದರಿದ ಹಾಗಿದೆ. ನಾಲ್ಕು ಸಾಲಿಗೆ ಒಂದು ಸಲ ನಿಲ್ಲಿಸಿ ಕೈ ಒದರಬೇಕು. ಓದೋಕೆ ಕಷ್ಟ ಆದ್ರೆ ಆಗಲಿ.

ನಿನ್ನ ಕಾಗದ ಓದಿ ಗೋಡೆ ಒರೆಸೋಕೆ ಬಟ್ಟೆ ತಗೊಂಡೆ. ಒರೆಸಲಿಲ್ಲ. ಕೋಪ ತಣ್ಣಗಾಗಿಬಿಡುತ್ತೆ ಅಂತ. ಆರು ವಾರ ದಿನಾ ನೋಡಿದೀನಿ, ದಿನಾ ಬೈದಿದೀನಿ. ನೀನು ಬಿದ್ದಿದ್ದೇನೂ ದೊಡ್ಡದಲ್ಲ. ಬಿದ್ದೆ ಕಣೇ ಮೆಣಸಿ ಅಂತ ಬರೆದಿದ್ರೆ ನಾನು ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ದೆ, ಆಮೇಲೆ ಇಬ್ಬರೂ ಎರಡು ಎರಡೂವರೆ ಅಂತ ತುಳೀತಿದ್ವಿ. ನನ್ನ ಜೊತೆ ಬೀಳೋಕೆ ನಿನಗೆ ಅಷ್ಟು ಅವಮಾನವಾ?

ಡಾಕ್ಟರು ಏನಂದ್ರು ಅಂತ ನಿನಗೆ ಮೊದಲೇ ಗೊತ್ತಿತ್ತಂತೆ. ಗುಂಡಿಯೋಳು ಒಪ್ಪಿಕೊಂಡಳು. ಎಲ್ಲರೂ ಸೇರಿ ನನಗೆ ಒಳ್ಳೇದು ಮಾಡಿದ್ದೇ ಮಾಡಿದ್ದು. ಕತ್ತರಿ ಇನ್ನೂ ಹಿಡಿಯೋಕೆ ಬರ್ತಿಲ್ಲ. ಹೆಬ್ಬೆರಳು ಅರ್ಧಕ್ಕೆ ನಿಲ್ಲುತ್ತೆ. ಬರಬಹುದು ಅಂತಾರೆ, ಬರದೇನೂ ಇರಬಹುದು. ಹೊಲಿಗೆ ಬಿಚ್ಚೋದು ಮಾತ್ರ ಬರುತ್ತೆ. ಹಾಗಾಗಿ ಕೈಗೆ ಸಿಕ್ಕಿದ್ದು ನಿನ್ನ ಪ್ಯಾಂಟೇ. ಒಂದೊಂದು ದಾರ ಎಳೆಯುವಾಗ್ಲೂ ನಿನ್ನ ಹೆಸರು ಹಿಡಿದು ಬೈದೆ.

ಸೊಂಟದ ಹೊಲಿಗೆ ಒಳಗೆ ಒಂದೂವರೆ ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೆ. ನಿನ್ನ ಮೇಲೆ ಅನುಮಾನ ಅಂತ ತಿಳ್ಕೋಬೇಡ, ನನಗೆ ಕೂದಲೆಳೆಯಷ್ಟೂ ಅನುಮಾನ ಇರಲಿಲ್ಲ, ಅದೇ ನೋವು. ಸೊಂಟದ ಅಳತೆಯನ್ನ ಕಾಗದದಲ್ಲಿ ಕಳಿಸೋ ಹೆಂಗಸ್ರು ಯಾರೂ ಸರಿ ಬರೆಯಲ್ಲ. ಎಲ್ಲರಿಗೂ ಬಿಡ್ತೀನಿ. ನೀನು ಎಲ್ಲರ ಹಾಗಲ್ಲ ಅಂದ್ಕೊಂಡೇ ಬಿಟ್ಟೆ, ಕೈ ಅಭ್ಯಾಸಕ್ಕೆ.

ಬಿಡಿಸಿ ಮೂವತ್ತೈದೂವರೆ ಮಾಡಿದೀನಿ. ಹೊಲಿಗೆ ಸೊಟ್ಟ ಇದೆ. ಗುಂಡಿಯೋಳು ನಾನು ನೆಟ್ಟಗೆ ಹಾಕ್ತೀನಿ ಅಂದಳು, ಕೊಡಲಿಲ್ಲ. ಹಾಗೇ ಹಾಕ್ಕೋ. ದಿನಾ ಹಾಕ್ಕೋ.

ಸೈಕಲ್ ಮೂಲೇಲಿದೆ. ನಾನು ನಡೀತೀನಿ, ಶಾಲೆವರೆಗೆ, ಒಂದೇ ಕಡೆ.

ಒಟ್ಟು: ಒಂದೂವರೆ. ನಂದೇ ಕಡಿಮೆ. ನಿಯಮ ನಿಂದು, ಬೈ ನೋಡೋಣ.

ಮೆಣಸಿ

*

ಸೆಪ್ಟೆಂಬರ್ 8

ಮೆಣಸಿ,

ಬೈಯಲು ಕೂತು ನಾಲ್ಕು ಕಾಗದ ಹರಿದೆ. ಬಾಯಿ ಬರಲಿಲ್ಲ.

ಪ್ಯಾಂಟು ಹಾಕಿಕೊಂಡಿದ್ದೇನೆ. ಗುಂಡಿ ಕಾಜದೊಳಗೆ ಕೂತಿತು. ಎಡಗಡೆ ಹೊಲಿಗೆ ಹೊರಳಿ ಹೊರಳಿ ಹೋಗಿದೆ, ತುಳಿಯುವಾಗ ಸೊಂಟಕ್ಕೆ ಒತ್ತುತ್ತದೆ. ಡ್ರೈವರೊಬ್ಬ ಗಮನಿಸಿ, "ಮೇಡಂ, ಯಾವ ದರ್ಜಿ ಇದು, ಕಣ್ಣು ಮುಚ್ಚಿ ಹೊಲಿದಿದಾರಾ?" ಎಂದು ಕೇಳಿದ. ನನ್ನ ತಂಗಿ ಎಂದೆ. ಯಾಕೆ ಹೀಗೆ ಎಂದು ಕೇಳಿದ. ಅದನ್ನೂ ಹೇಳಿದೆ, ಜನವರಿಯಿಂದ, ಒಂದನ್ನೂ ಬಿಡದೆ. ಅವನು ನಗಲಿಲ್ಲ. ಚಹಾ ಲೋಟ ಕೆಳಗಿಟ್ಟು, "ಹೋಗಿ ಬಂದ್ರಾ ನೋಡೋಕೆ?" ಎಂದ.

ಇಲ್ಲ ಎಂದೆ. ನೀನು ಬೇಡ ಎಂದೆ ನಿಜ. ಆದರೆ ನೀನು ಬೇಡ ಎಂದದ್ದು ಮೂವತ್ತು ತುಳಿಯುವ ಅಕ್ಕನಿಗೆ. ನಾನು ಅದನ್ನೇ ನೆಪ ಮಾಡಿಕೊಂಡೆ. ಕಾಗದದಲ್ಲಾದರೆ ಜಗಳವಾಗುವುದಿಲ್ಲ ಎಂದು ಜನವರಿಯಲ್ಲಿ ನಾನೇ ಬರೆದಿದ್ದೆ. ಜಗಳವಾಗದ ಜಾಗ ಸಿಕ್ಕಿತೆಂದೇ ಅಷ್ಟು ಸಲೀಸಾಗಿ ಸುಳ್ಳು ಹೇಳಿದೆನೋ ಏನೋ.

ಭಾನುವಾರ ಆರು ಹತ್ತರ ಬಸ್ಸಿಗೆ ಹೊರಡುತ್ತೇನೆ. ಹನ್ನೊಂದಕ್ಕೆ ನಿನ್ನ ಅಂಗಡಿ ಮುಂದೆ. ಒಂದು ವಾರ ರಜೆ ಹಾಕಿದ್ದೇನೆ. ಸೈಕಲ್ಲನ್ನು ಮುದುಕಪ್ಪನ ಅಂಗಡಿಯಲ್ಲಿ ಬಿಟ್ಟು ಬರುತ್ತೇನೆ, ಮೂರನೇ ದಿನಕ್ಕೆ ಕಾಲು ಜುಮ್ಮೆನ್ನತೊಡಗುತ್ತದೆ, ಎನ್ನಲಿ. ನೀನು ಶಾಲೆಯವರೆಗೆ ನಡೆಯುವಾಗ ಪಕ್ಕದಲ್ಲಿ ನಡೆಯುತ್ತೇನೆ, ನೀನು ಒಪ್ಪಿದರೆ. ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ, ಬೈಗುಳ ಮುಗಿಯುವವರೆಗೆ ನಿಂತಿರುತ್ತೇನೆ.

ಗೋಡೆಯನ್ನು ಒರೆಸಬೇಡ. ನಾನು ಬಂದು ಒರೆಸುತ್ತೇನೆ.

ಇಂದು ಎದುರುಗಾಳಿ. ನಾಲ್ಕನೇ ಕಂಬದ ಹತ್ತಿರ ಇಳಿದು ತಳ್ಳಿದೆ. ತಳ್ಳಿದ ದಾರಿಯನ್ನು ಕಳೆದು

ಒಟ್ಟು: 7.6.

ಅಕ್ಕ